ಗ್ಲುಟೆನ್‌ರಹಿತ ಆಹಾರದ ಆಯ್ಕೆ: ಬೂದಿಕೋಟೆ, ಬಂಗಾರಪೇಟೆ ಹಾಗೂ ಕೆ.ಜಿ.ಎಫ್. ಭಾಗದ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಬೂದಿಕೋಟೆ ಹಾಗೂ ಸುತ್ತಲಿನ ಊರುಗಳ ಅಂಗಡಿ, ಹೋಟೆಲುಗಳಲ್ಲಿ ಗ್ರಾಹಕರಿಗೆ ಆಹಾರದ ಬಗ್ಗೆ ಮೊದಲು ದೊರೆಯುವ ಮಾಹಿತಿ ಅದು ಸಸ್ಯಾಹಾರವೋ ಮಾಂಸಾಹಾರವೋ ಎಂಬುದು. ಹೋಟೆಲಿನ ಫಲಕದಲ್ಲಿಯೂ ಬಿಸ್ಕತ್ತಿನ ಪೊಟ್ಟಣದ ಮೇಲಿನ ಹಸಿರು ಚುಕ್ಕೆಯಲ್ಲಿಯೂ ಇದನ್ನೇ ತಿಳಿಸಲಾಗಿರುತ್ತದೆ. ಇಲ್ಲಿಂದ ಪ್ರತಿದಿನ ಬೆಂಗಳೂರಿಗೆ ದುಡಿಯಲು ಹೋಗುವವರು ಅಲ್ಲಿ ಇದರ ಮುಂದಿನ ಹಂತವಾದ ವೀಗನ್, ಅಂದರೆ ಹಾಲು, ತುಪ್ಪ, ಜೇನನ್ನೂ ಬಳಸದ ಆಹಾರದ ಫಲಕಗಳನ್ನು ಕಾಣುತ್ತಾರೆ.

ಆದರೆ ಗೋಧಿಯನ್ನು ಸೇವಿಸಲೇಬಾರದೆಂದು ವೈದ್ಯರು ತಿಳಿಸಿರುವ ವ್ಯಕ್ತಿಗೆ ಈ ಫಲಕಗಳಿಂದಾಗಲಿ ಚಿಹ್ನೆಗಳಿಂದಾಗಲಿ ಯಾವುದೇ ಪ್ರಯೋಜನವಾಗುವುದಿಲ್ಲ. ಆಹಾರವು ಪ್ರಾಣಿಮೂಲದ್ದೇ ಅಲ್ಲವೇ ಎಂಬುದನ್ನು ಮಾತ್ರ ಅವು ಹೇಳುತ್ತವೆ. ಅದರಲ್ಲಿ ಯಾವ ಧಾನ್ಯವಿದೆ ಎಂಬುದನ್ನು ಹೇಳುವುದಿಲ್ಲ. ಆದುದರಿಂದ ಗ್ಲುಟೆನ್‌ರಹಿತ ಆಹಾರವನ್ನು ಈ ಭಾಗದಲ್ಲಿ ಗುರುತಿಸುವ ಬಗೆಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಪುಟದಲ್ಲಿ ವಿವರಿಸಲಾಗಿದೆ.

2. ಗ್ಲುಟೆನ್ ಎಂದರೇನು? ಅದನ್ನು ಯಾರು ವರ್ಜಿಸಬೇಕು?

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಅಂಟುಗುಣದ ಪ್ರೋಟೀನಿಗೆ ಗ್ಲುಟೆನ್ ಎಂದು ಹೆಸರು. ಚಪಾತಿ ಹಿಟ್ಟು ಎಳೆದಾಗ ಹಿಗ್ಗುವುದಕ್ಕೂ ಬ್ರೆಡ್ಡು ಉಬ್ಬಿ ನಿಲ್ಲುವುದಕ್ಕೂ ಇದೇ ಕಾರಣ. ಮೈದಾ, ರವೆ, ಶಾವಿಗೆ ಇವೆಲ್ಲವೂ ಸಾಮಾನ್ಯವಾಗಿ ಗೋಧಿಯ ರೂಪಾಂತರಗಳೇ ಆಗಿವೆ. ಜವೆಗೋಧಿಯೂ ಇದಕ್ಕೆ ಹೊರತಲ್ಲ.

ಸೀಲಿಯಾಕ್ ಕಾಯಿಲೆ ಇರುವವರಲ್ಲಿ ಗ್ಲುಟೆನ್ ಸೇವನೆಯಿಂದ ದೇಹದ ರೋಗನಿರೋಧಕ ವ್ಯವಸ್ಥೆಯು ಸಣ್ಣ ಕರುಳಿನ ಒಳಪದರಕ್ಕೆ ಹಾನಿ ಮಾಡುತ್ತದೆ. ಇದರಿಂದ ಆಹಾರದ ಸತ್ವವು ಮೈಗೆ ಹತ್ತುವುದಿಲ್ಲ. ಮರುಕಳಿಸುವ ಭೇದಿ, ಹೊಟ್ಟೆಯುಬ್ಬರ, ತೂಕ ಇಳಿಕೆ, ಮಕ್ಕಳಲ್ಲಿ ಕುಂಠಿತ ಬೆಳವಣಿಗೆ, ಕಬ್ಬಿಣದ ಮಾತ್ರೆ ಸೇವಿಸಿದರೂ ವಾಸಿಯಾಗದ ರಕ್ತಹೀನತೆ, ಮೂಳೆ ಸವೆತ ಇವು ಇದರ ಲಕ್ಷಣಗಳು. ಗೋಧಿಯೇ ಇದಕ್ಕೆ ಕಾರಣವೆಂಬುದನ್ನು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅವರು 1950ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಗ್ಲುಟೆನ್ ಇರುವ ಆಹಾರವನ್ನು ಜೀವನಪರ್ಯಂತ ಸಂಪೂರ್ಣವಾಗಿ ಬಿಡುವುದೇ ಇಂದಿಗೂ ಇದಕ್ಕಿರುವ ಚಿಕಿತ್ಸೆ. ವಾರಕ್ಕೊಮ್ಮೆ ಸ್ವಲ್ಪ ತಿಂದರೆ ತೊಂದರೆಯಿಲ್ಲ ಎಂಬ ಭಾವನೆ ತಪ್ಪು.

ಗೋಧಿಯ ಅಲರ್ಜಿಯು ಇದಕ್ಕಿಂತ ಬೇರೆಯಾದುದು. ಯಾವುದೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ಸೀಲಿಯಾಕ್ ಕಾಯಿಲೆಯನ್ನು ರಕ್ತದಲ್ಲಿನ ಪ್ರತಿಕಾಯಗಳ ಪರೀಕ್ಷೆ ಹಾಗೂ ಎಂಡೋಸ್ಕೋಪಿ ಮೂಲಕ ಕರುಳಿನ ಪದರದ ತುಣುಕು ತೆಗೆದು ಮಾಡುವ ಪರೀಕ್ಷೆಯಿಂದ ಗುರುತಿಸಲಾಗುತ್ತದೆ.

ಗಮನಿಸಿ: ಪರೀಕ್ಷೆಗೆ ಮುಂಚೆಯೇ ಗೋಧಿಯನ್ನು ಬಿಟ್ಟಲ್ಲಿ ಕಾಯಿಲೆಯಿದ್ದರೂ ಫಲಿತಾಂಶದಲ್ಲಿ ಕಾಣಿಸದೆ ಹೋಗಬಹುದು. ಆದುದರಿಂದ ಅನುಮಾನವಿರುವವರು ಮೊದಲು ವೈದ್ಯರನ್ನು ಕಾಣತಕ್ಕದ್ದು.

3. ಈ ಕಾಯಿಲೆಯು ನಮ್ಮ ಭಾಗದಲ್ಲಿ ಅಪರಿಚಿತವಾಗಿರಲು ಕಾರಣ

ಭಾರತದ ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾಗಗಳ 23,331 ವಯಸ್ಕರನ್ನು ಒಳಗೊಂಡು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ಸೀಲಿಯಾಕ್ ಕಾಯಿಲೆಯು ಉತ್ತರದಲ್ಲಿ ಪ್ರತಿ 1,000 ಜನರಲ್ಲಿ 8.53, ಈಶಾನ್ಯದಲ್ಲಿ 4.66 ಹಾಗೂ ದಕ್ಷಿಣದಲ್ಲಿ 0.11ರಷ್ಟಿತ್ತು. ಕಾಯಿಲೆಗೆ ಅವಕಾಶ ಕೊಡುವ ವಂಶವಾಹಿಗಳು ಮೂರೂ ಭಾಗಗಳಲ್ಲಿ ಹೆಚ್ಚಿನ ಅಂತರವಿಲ್ಲದೆ ಕಂಡುಬಂದವು. ಆದರೆ ದಿನವೊಂದಕ್ಕೆ ಸೇವಿಸುವ ಗೋಧಿಯ ಪ್ರಮಾಣವು ಉತ್ತರದಲ್ಲಿ 455 ಗ್ರಾಂ ಇದ್ದರೆ ದಕ್ಷಿಣದಲ್ಲಿ ಕೇವಲ 25 ಗ್ರಾಂ ಇತ್ತು.

ಈ ಅಂಕಿಅಂಶಗಳಿಂದ ಎರಡು ವಿಷಯಗಳು ತಿಳಿದುಬರುತ್ತವೆ. ರಾಗಿ ಮತ್ತು ಅಕ್ಕಿಯನ್ನು ಅವಲಂಬಿಸಿದ ನಮ್ಮ ಭಾಗದಲ್ಲಿ ಈ ಕಾಯಿಲೆ ವಿರಳ. ವಿರಳವಾದುದರಿಂದಲೇ ಇದರಿಂದ ಬಳಲುವವರ ಮಾತನ್ನು ಹೋಟೆಲಿನವರು, ನೆಂಟರು, ಕೆಲವೊಮ್ಮೆ ಮನೆಯವರೂ ನಂಬುವುದಿಲ್ಲ. ಊಟದಲ್ಲಿ ಇವರಿಗೆ ಹಟ ಎಂದು ಭಾವಿಸಲಾಗುತ್ತದೆ. ಚಪಾತಿ, ಪರೋಟ, ಬ್ರೆಡ್ಡು, ಬಿಸ್ಕತ್ತುಗಳು ದಿನಬಳಕೆಗೆ ಬಂದಿರುವ ಇಂದಿನ ದಿನಗಳಲ್ಲಿ ಈ ಅಜ್ಞಾನವು ಅಪಾಯಕಾರಿಯಾಗಿದೆ.

4. ಹಸಿರು ಚುಕ್ಕೆ ಮತ್ತು ವೀಗನ್ ಚಿಹ್ನೆ

(ಅ) ಹಸಿರು ಚೌಕದೊಳಗಿನ ಹಸಿರು ಚುಕ್ಕೆಯು ಸಸ್ಯಾಹಾರವನ್ನು ಸೂಚಿಸುತ್ತದೆ. ಮೈದಾದಿಂದಲೇ ಮಾಡಿದ ಬಿಸ್ಕತ್ತಿನ ಮೇಲೂ ಇದೇ ಚುಕ್ಕೆ ಇರುತ್ತದೆ.

(ಆ) ವೀಗನ್ ಆಹಾರಗಳಿಗೆ ಸಂಬಂಧಿಸಿದ ನಿಯಮಗಳನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2022ರಲ್ಲಿ ಹೊರಡಿಸಿದ್ದು, ಈ ಚಿಹ್ನೆಯಿರುವ ಆಹಾರದಲ್ಲಿ ಪ್ರಾಣಿಮೂಲದ ಯಾವ ಪದಾರ್ಥವನ್ನೂ ಬಳಸುವಂತಿಲ್ಲ. ಗೋಧಿಯು ಸಸ್ಯಮೂಲದ್ದಾದುದರಿಂದ ಅದನ್ನು ಬಳಸಲು ಅಡ್ಡಿಯಿಲ್ಲ. ಮಾಂಸವನ್ನು ಹೋಲುವ ಕೆಲವು ವೀಗನ್ ಪದಾರ್ಥಗಳನ್ನು ಗೋಧಿಯ ಅಂಟಿನಿಂದಲೇ, ಅಂದರೆ ಗ್ಲುಟೆನ್‌ನಿಂದಲೇ ತಯಾರಿಸಲಾಗುತ್ತದೆ. ಸೋಯಾ ಚಾಪ್ ಎಂಬ ಪದಾರ್ಥದಲ್ಲಿಯೂ ಸಾಮಾನ್ಯವಾಗಿ ಮೈದಾ ಇರುತ್ತದೆ.

(ಇ) ಇದಕ್ಕೆ ಪ್ರತಿಯಾಗಿ ಮಜ್ಜಿಗೆ, ಬೇಯಿಸಿದ ಮೊಟ್ಟೆ, ಮೀನು, ಮಾಂಸ ಇವು ವೀಗನ್ ಅಲ್ಲ. ಆದರೆ ಹಿಟ್ಟು ಬೆರೆಸದಿದ್ದಲ್ಲಿ ಇವುಗಳಲ್ಲಿ ಗ್ಲುಟೆನ್ ಇರುವುದಿಲ್ಲ.

ಆದುದರಿಂದ ಈ ಎರಡು ವಿಷಯಗಳನ್ನು ಒಂದೇ ಎಂದು ಭಾವಿಸಬಾರದಾಗಿ ತಿಳಿಯಪಡಿಸಲಾಗಿದೆ.

5. ಪೊಟ್ಟಣದ ಮೇಲಿನ ಬರಹವನ್ನು ಓದುವ ಕ್ರಮ

ನಮ್ಮ ದೇಶದ ನಿಯಮಗಳಂತೆ ಒಂದು ಕಿಲೋಗ್ರಾಂ ಆಹಾರದಲ್ಲಿ 20 ಮಿಲಿಗ್ರಾಂ ಮೀರದಷ್ಟು ಗ್ಲುಟೆನ್ ಇದ್ದಲ್ಲಿ ಮಾತ್ರ ಅದನ್ನು ಗ್ಲುಟೆನ್‌ರಹಿತ ಎಂದು ಕರೆಯಬಹುದು. 20ರಿಂದ 100 ಮಿಲಿಗ್ರಾಂ ಇರುವುದು ಕಡಿಮೆ ಗ್ಲುಟೆನ್ ಇರುವ ಆಹಾರ. ಸೀಲಿಯಾಕ್ ಕಾಯಿಲೆಯವರು ಎರಡನೆಯದನ್ನು ಮೊದಲನೆಯದೆಂದು ತಪ್ಪಾಗಿ ತಿಳಿಯಬಾರದು.

2020ರ ಲೇಬಲ್ ಹಾಗೂ ಪ್ರದರ್ಶನ ನಿಯಮಗಳ ಪ್ರಕಾರ, ಗ್ಲುಟೆನ್ ಇರುವ ಧಾನ್ಯಗಳಾದ ಗೋಧಿ, ರೈ, ಬಾರ್ಲಿ, ಓಟ್ಸ್ ಬಳಸಿದ್ದಲ್ಲಿ ಪೊಟ್ಟಣದ ಮೇಲೆ ಅಲರ್ಜಿಕಾರಕಗಳ ವಿವರದಲ್ಲಿ ತಿಳಿಸುವುದು ಕಡ್ಡಾಯ. ಈ ವಿವರವು ಬಳಸಿದ ಪದಾರ್ಥಗಳ ಪಟ್ಟಿಯ ಬಳಿ ಇರುತ್ತದೆ. ಹಸಿರು ಚುಕ್ಕೆಯನ್ನು ನೋಡುವ ಬದಲು ಈ ಸಾಲನ್ನು ಓದುವುದು ರೂಢಿಯಾಗಬೇಕು. ಓಟ್ಸ್ ಸಾಮಾನ್ಯವಾಗಿ ಗೋಧಿಯೊಂದಿಗೆ ಬೆರೆತಿರುವುದರಿಂದ, ಗ್ಲುಟೆನ್‌ರಹಿತ ಎಂದು ಸ್ಪಷ್ಟವಾಗಿ ನಮೂದಿಸಿರದ ಓಟ್ಸ್ ಅನ್ನು ವರ್ಜಿಸಬೇಕು. ಬಿಡಿಯಾಗಿ ತೂಗಿ ಕೊಡುವ ಪದಾರ್ಥಗಳ ಮೇಲೆ ಇಂತಹ ಯಾವ ಬರಹವೂ ಇರುವುದಿಲ್ಲವೆಂಬುದನ್ನು ಮರೆಯಬಾರದು.

6. ಸ್ವಭಾವತಃ ಗ್ಲುಟೆನ್ ಇಲ್ಲದ ಸ್ಥಳೀಯ ಆಹಾರ

ದೂರದ ಅಂಗಡಿಯಿಂದ ದುಬಾರಿ ಬೆಲೆಯ ವಿಶೇಷ ಪೊಟ್ಟಣ ತರಿಸುವುದು ಅನಿವಾರ್ಯವಲ್ಲ. ಈ ಕೆಳಕಂಡವುಗಳಲ್ಲಿ ಸ್ವಭಾವತಃ ಗ್ಲುಟೆನ್ ಇರುವುದಿಲ್ಲ:

- ಧಾನ್ಯಗಳು: ರಾಗಿ, ಅಕ್ಕಿ, ಜೋಳ, ಸಜ್ಜೆ, ಮೆಕ್ಕೆಜೋಳ
- ಸಿರಿಧಾನ್ಯಗಳು: ನವಣೆ, ಸಾಮೆ, ಹಾರಕ, ಬರಗು, ಊದಲು, ಕೊರಲೆ
- ಕಾಳುಗಳು: ಅವರೆ, ಹುರುಳಿ, ಅಲಸಂದೆ, ಹೆಸರು, ತೊಗರಿ, ಉದ್ದು, ಕಡಲೆ
- ಇತರೆ: ಸೊಪ್ಪು, ತರಕಾರಿ, ಗೆಡ್ಡೆಗಳು, ಹಣ್ಣು, ಕಡಲೆಕಾಯಿ, ಹಾಲು, ಮೊಸರು, ಮೊಟ್ಟೆ, ಮಾಂಸ, ಮೀನು

ರಾಗಿ ಮುದ್ದೆ, ಸೊಪ್ಪಿನ ಸಾರು, ಬಸ್ಸಾರು, ಹುರುಳಿಕಾಳಿನ ಸಾರು, ರಾಗಿ ರೊಟ್ಟಿ, ರಾಗಿ ಅಂಬಲಿ, ಅಕ್ಕಿ ರೊಟ್ಟಿ, ಇಡ್ಲಿ ಇವು ಈ ನೆಲದ ನಿತ್ಯದ ಊಟವೇ ಆಗಿವೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿರುವುದರಿಂದ, ಮೂಳೆ ಸವೆತದ ಭಯವಿರುವ ಸೀಲಿಯಾಕ್ ರೋಗಿಗಳಿಗೆ ಇದು ವಿಶೇಷವಾಗಿ ಉಪಯುಕ್ತ. ಆದರೆ ಧಾನ್ಯದಲ್ಲಿ ಇಲ್ಲದ ಗ್ಲುಟೆನ್ ಹಿಟ್ಟಿನಲ್ಲಿ ಬಂದು ಸೇರುವ ಸಂಭವವಿದೆ. ಈ ಬಗ್ಗೆ ಮುಂದೆ ತಿಳಿಸಲಾಗಿದೆ.

7. ಹಿಟ್ಟಿನ ಗಿರಣಿಯಲ್ಲಿ ವಹಿಸಬೇಕಾದ ಎಚ್ಚರ

ಊರಿನ ಗಿರಣಿಗಳಲ್ಲಿ ಗೋಧಿ ಮತ್ತು ರಾಗಿಯನ್ನು ಒಂದೇ ಯಂತ್ರದಲ್ಲಿ ಬೀಸುವುದು ವಾಡಿಕೆ. ಗೋಧಿ ಹಿಟ್ಟಿನಲ್ಲಿ ನೂರಕ್ಕೆ ಸುಮಾರು 8 ಭಾಗ ಗ್ಲುಟೆನ್ ಇರುತ್ತದೆಂದು ಲೆಕ್ಕ ಹಾಕಿದಲ್ಲಿ, ಒಂದು ಕಿಲೋ ರಾಗಿ ಹಿಟ್ಟಿಗೆ ಕಾಲು ಗ್ರಾಂ ಗೋಧಿ ಹಿಟ್ಟು ಬೆರೆತರೆ 20 ಮಿಲಿಗ್ರಾಂ ಮಿತಿ ತಲುಪಿದಂತಾಗುತ್ತದೆ. ಕಾಲು ಗ್ರಾಂ ಎಂದರೆ ಒಂದು ಚಿಟಿಕೆ ಮಾತ್ರ. ಹಿಂದಿನವರ ಗೋಧಿ ಬೀಸಿದ ನಂತರ ಕಲ್ಲಿನಲ್ಲಿ ಉಳಿಯುವ ಹಿಟ್ಟು ಇದಕ್ಕಿಂತ ಹೆಚ್ಚಾಗಿರುತ್ತದೆ. ಆದುದರಿಂದ:

- ರಾಗಿಯನ್ನು ಕಾಳಾಗಿಯೇ ಕೊಂಡು ಜರಡಿ ಹಿಡಿಯಿರಿ. ರಾಗಿ ಕಾಳು ಗೋಧಿಗಿಂತ ಬಹಳ ಸಣ್ಣದಾದುದರಿಂದ ಬೆರೆತ ಗೋಧಿ ಜರಡಿಯಲ್ಲಿ ಉಳಿಯುತ್ತದೆ.
- ರಾಗಿ ಅಥವಾ ಅಕ್ಕಿಯನ್ನು ಮಾತ್ರ ಬೀಸುವ ಪ್ರತ್ಯೇಕ ಯಂತ್ರವಿರುವ ಗಿರಣಿಯನ್ನು ಆರಿಸಿಕೊಳ್ಳಿ.
- ಅಂತಹ ಗಿರಣಿ ಇಲ್ಲದಿದ್ದಲ್ಲಿ ಮನೆಯಲ್ಲಿಯೇ ಬೀಸುವ ಕಲ್ಲು ಅಥವಾ ಸಣ್ಣ ಯಂತ್ರದಲ್ಲಿ ಬೀಸಿಕೊಳ್ಳುವುದು ಉತ್ತಮ. ಸೀಲಿಯಾಕ್ ರೋಗಿಗಳಿರುವ ಎರಡು ಮೂರು ಕುಟುಂಬಗಳು ಸೇರಿ ಒಂದು ಯಂತ್ರ ಇಟ್ಟುಕೊಳ್ಳಬಹುದು.
- ಬೆಳಿಗ್ಗೆ ಯಂತ್ರವನ್ನು ಶುಚಿಗೊಳಿಸಿ ಮೊದಲು ಒಂದೆರಡು ಕಿಲೋ ಅಕ್ಕಿ ಬೀಸಿ ಪಕ್ಕಕ್ಕಿಟ್ಟು, ಆಮೇಲೆ ರಾಗಿ ಬೀಸಿದರೆ ಬೆರಕೆ ಕಡಿಮೆಯಾಗುತ್ತದೆ. ಆದರೆ ಸಂಪೂರ್ಣ ಹೋಗುತ್ತದೆಂದು ಹೇಳಲಾಗದು.

8. ಹೆಸರಿನಿಂದ ಉಂಟಾಗುವ ಗೊಂದಲ

- ಪುರಿ ಮತ್ತು ಪೂರಿ: ಕಡಲೆಪುರಿ ಎಂದರೆ ಉಬ್ಬಿದ ಅಕ್ಕಿ, ಅದರಲ್ಲಿ ಗ್ಲುಟೆನ್ ಇಲ್ಲ. ಪೂರಿ ಮತ್ತು ಪಾನಿಪುರಿಯ ಪುರಿ ಗೋಧಿ, ಮೈದಾ ಅಥವಾ ರವೆಯವು.
- ಸಜ್ಜೆ ಮತ್ತು ಸಜ್ಜಿಗೆ: ಸಜ್ಜೆ ಒಂದು ಸಿರಿಧಾನ್ಯ. ಸಜ್ಜಿಗೆ ಗೋಧಿ ರವೆಯಿಂದ ಮಾಡುವ ಸಿಹಿ.
- ರವೆ: ಚಿರೋಟಿ ರವೆ, ಬನ್ಸಿ ರವೆ ಗೋಧಿಯವು. ಅಕ್ಕಿಯಿಂದ ಮಾಡಿದ ಇಡ್ಲಿ ರವೆ ಬೇರೆ. ರವೆ ಇಡ್ಲಿ, ರವೆ ದೋಸೆ, ಉಪ್ಪಿಟ್ಟು, ಕೇಸರಿಬಾತ್ ಸಾಮಾನ್ಯವಾಗಿ ಗೋಧಿ ರವೆಯವೇ.
- ರಾಗಿ ಬಿಸ್ಕತ್ತು, ರಾಗಿ ಬ್ರೆಡ್ಡು, ರಾಗಿ ಶಾವಿಗೆ: ರಾಗಿ ಎಂಬ ಹೆಸರಿದ್ದರೂ ಬಹುಪಾಲು ಗೋಧಿ ಅಥವಾ ಮೈದಾ ಇರಬಹುದು.
- ಮಾಲ್ಟ್: ಮೊಳಕೆ ಬರಿಸಿದ ರಾಗಿಯಿಂದಲೇ ಮಾಡಿದ ಮಾಲ್ಟ್ ಸೇವಿಸಬಹುದು. ಡಬ್ಬಗಳಲ್ಲಿ ಬರುವ ಮಾಲ್ಟ್ ಪಾನೀಯಗಳಲ್ಲಿ ಬಾರ್ಲಿ ಮತ್ತು ಗೋಧಿ ಇರುವುದು ಸಾಮಾನ್ಯ.
- ಇಂಗು: ಅಂಗಡಿಯ ಬಂಧಾನಿ ಇಂಗಿನಲ್ಲಿ ಅಂಟಿನ ಜೊತೆಗೆ ಮೈದಾ ಅಥವಾ ಗೋಧಿ ಹಿಟ್ಟನ್ನು ಬೆರೆಸಿರುತ್ತಾರೆ. ಒಗ್ಗರಣೆಯ ಮೂಲಕ ಇದು ಸಾಂಬಾರು, ಪುಳಿಯೋಗರೆ, ಉಪ್ಪಿನಕಾಯಿಗಳಿಗೆ ಸೇರುತ್ತದೆ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ದೊರೆಯುತ್ತದೆ. ಇಲ್ಲವಾದಲ್ಲಿ ಬೆಳ್ಳುಳ್ಳಿ ಒಗ್ಗರಣೆ ಬಳಸಬಹುದು.

9. ಹೋಟೆಲು, ಚಾಟ್ಸ್ ಮತ್ತು ಬೇಕರಿಗಳಲ್ಲಿ

ತಿಂಡಿ ತಿನಿಸುಗಳ ಪಟ್ಟಿಯಲ್ಲಿ ಅಲರ್ಜಿಕಾರಕಗಳ ವಿವರ ನೀಡಬೇಕೆಂಬ ನಿಯಮವು ಕೇಂದ್ರ ಪರವಾನಗಿ ಹೊಂದಿರುವ ಅಥವಾ ಹತ್ತು ಹಾಗೂ ಅದಕ್ಕಿಂತ ಹೆಚ್ಚು ಕಡೆ ಶಾಖೆಗಳಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಬಸ್ ನಿಲ್ದಾಣದ ಒಂದು ಸಣ್ಣ ಹೋಟೆಲಿಗೆ ಇದು ಅನ್ವಯಿಸದು. ಇಲ್ಲಿ ಕೇಳಿ ತಿಳಿಯುವುದೊಂದೇ ಮಾರ್ಗ.

ಮುದ್ದೆ ಊಟದ ಹೋಟೆಲು: ಮುದ್ದೆ, ಅನ್ನ, ಕಾಳಿನ ಸಾರು, ಮಾಂಸದ ಸಾರು ಸಾಮಾನ್ಯವಾಗಿ ಹೆಚ್ಚು ಅನುಕೂಲಕರ. ರಾಗಿ ಹಿಟ್ಟು ಎಲ್ಲಿ ಬೀಸಿದ್ದು, ಸಾರಿಗೆ ಇಂಗು ಹಾಕಿದೆಯೇ ಎಂದು ವಿಚಾರಿಸಬೇಕು. ಕಬಾಬಿಗೆ ಮೈದಾ ಬಳಸುವುದುಂಟು.

ತಿಂಡಿ ಹೋಟೆಲು: ಇಡ್ಲಿಯನ್ನು ಆವಿಯಲ್ಲಿ ಪ್ರತ್ಯೇಕವಾಗಿ ಬೇಯಿಸುವುದರಿಂದ ಅನುಕೂಲ. ದೋಸೆ ಹಿಟ್ಟಿಗೆ ಕೆಲವೆಡೆ ಮೈದಾ ಅಥವಾ ರವೆ ಸೇರಿಸುತ್ತಾರೆ. ಅದೇ ಕಾವಲಿಯ ಮೇಲೆ ಪರೋಟ, ಚಪಾತಿ ಬೇಯಿಸಿರಬಹುದು. ಪೂರಿ ಕರಿದ ಎಣ್ಣೆಯಲ್ಲಿಯೇ ಉದ್ದಿನ ವಡೆ ಕರಿದಿದ್ದಲ್ಲಿ ಆ ವಡೆಯೂ ವರ್ಜ್ಯ. ಮದ್ದೂರು ವಡೆ, ಕೋಡುಬಳೆ, ನಿಪ್ಪಟ್ಟುಗಳಲ್ಲಿ ರವೆ ಅಥವಾ ಮೈದಾ ಬೆರೆಸುವುದು ಸಾಮಾನ್ಯ. ಗೋಬಿ ಮಂಚೂರಿಯಲ್ಲಿ ಮೈದಾ ಜೊತೆಗೆ ಗೋಧಿಯಿಂದ ತಯಾರಾದ ಸೋಯಾ ಸಾಸ್ ಕೂಡ ಇರಬಹುದು.

ಚಾಟ್ಸ್: ಬಣ್ಣವಿಲ್ಲದ ತಿಳಿ ನೀರಿಗಾಗಿ ಬಂಗಾರಪೇಟೆಯ ಪಾನಿಪುರಿ ಬೆಂಗಳೂರಿನವರೆಗೂ ಪ್ರಸಿದ್ಧವಾಗಿದೆ. ಇದು ಶುದ್ಧ ಸಸ್ಯಾಹಾರ. ಹಾಲು ತುಪ್ಪವಿಲ್ಲದ್ದರಿಂದ ಬಹುಮಟ್ಟಿಗೆ ವೀಗನ್ ಸಹ ಹೌದು. ಆದರೆ ಪುರಿಯು ಗೋಧಿಯದ್ದಾದುದರಿಂದ ಸೀಲಿಯಾಕ್ ಕಾಯಿಲೆಯವರಿಗೆ ನಿಷಿದ್ಧ. ಚಿಹ್ನೆಯನ್ನು ನಂಬುವುದರಲ್ಲಿರುವ ತಪ್ಪಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇರೆ ಬೇಕಿಲ್ಲ. ಕಡಲೆಪುರಿಯಿಂದ ಮಾಡಿದ ಚುರುಮುರಿಯನ್ನು ನಿಪ್ಪಟ್ಟಿನ ಪುಡಿ ಹಾಕದೆ, ಬೇರೆ ಪಾತ್ರೆಯಲ್ಲಿ ಕಲೆಸಿಕೊಡುವಂತೆ ಕೇಳಬಹುದು.

ಬೇಕರಿ: ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಗಳಂತಹ ಪೇಟೆಗಳ ಬೇಕರಿಗಳಲ್ಲಿ ಮೈದಾ ಗಾಳಿಯಲ್ಲಿಯೂ ಹಾರಾಡುತ್ತಿರುತ್ತದೆ. ಮೊಟ್ಟೆರಹಿತ ಎಂಬ ಫಲಕದಿಂದ ಗೋಧಿಯ ಬಗ್ಗೆ ಏನೂ ತಿಳಿಯುವುದಿಲ್ಲ. ಇಲ್ಲಿ ಮುಚ್ಚಿದ ಪೊಟ್ಟಣದ ಪದಾರ್ಥಗಳನ್ನು ಓದಿ ಕೊಳ್ಳುವುದು ಲೇಸು.

10. ಕೇಳಬೇಕಾದ ಪ್ರಶ್ನೆಗಳು

ಗ್ಲುಟೆನ್ ಇದೆಯೇ ಎಂದು ಕೇಳಿದರೆ ಅಡುಗೆಯವರಿಗೆ ಅರ್ಥವಾಗದಿರಬಹುದು. ಧಾನ್ಯದ ಹೆಸರು ಹಿಡಿದು ಕೇಳಬೇಕು: “ಅಣ್ಣ, ಇದಕ್ಕೆ ಗೋಧಿ, ಮೈದಾ, ರವೆ ಏನಾದರೂ ಹಾಕಿದ್ದೀರಾ? ನನಗೆ ಅದು ಆಗುವುದಿಲ್ಲ, ಡಾಕ್ಟರು ಬೇಡ ಅಂದಿದ್ದಾರೆ. ಪೂರಿ ಕರಿದ ಎಣ್ಣೆಯೇನಾ? ಪರೋಟದ ಕಾವಲಿಯೇನಾ?”

ಈ ಭಾಗದಲ್ಲಿ ಹಲವು ಭಾಷೆಗಳು ಬಳಕೆಯಲ್ಲಿರುವುದರಿಂದ ಈ ಕೆಳಕಂಡ ಪದಗಳು ಉಪಯುಕ್ತ:

- ಗೋಧಿ: ತೆಲುಗಿನಲ್ಲಿ ಗೋಧುಮಲು, ತಮಿಳಿನಲ್ಲಿ ಗೋದುಮೈ, ಉರ್ದುವಿನಲ್ಲಿ ಗೇಹೂಂ
- ಗೋಧಿ ಹಿಟ್ಟು: ತೆಲುಗಿನಲ್ಲಿ ಗೋಧುಮ ಪಿಂಡಿ, ತಮಿಳಿನಲ್ಲಿ ಗೋದುಮೈ ಮಾವು, ಉರ್ದುವಿನಲ್ಲಿ ಆಟಾ
- ರಾಗಿ ಮುದ್ದೆ: ತೆಲುಗಿನಲ್ಲಿ ರಾಗಿ ಸಂಗಟಿ, ತಮಿಳಿನಲ್ಲಿ ಕಳಿ
- ಮೈದಾ: ಎಲ್ಲ ಭಾಷೆಗಳಲ್ಲಿಯೂ ಇದೇ ಹೆಸರು

11. ದಿನನಿತ್ಯ ಪ್ರಯಾಣಿಸುವವರಿಗೆ

ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ನಂತರ, ಕೆ.ಜಿ.ಎಫ್. ಮತ್ತು ಬಂಗಾರಪೇಟೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವುದು ಸಾವಿರಾರು ಜನರ ಬದುಕಾಗಿದೆ. ರೈಲು ನಿಲ್ದಾಣದಲ್ಲಿ ಸಿಗುವ ಸಮೋಸ, ಬನ್ನು, ಬಿಸ್ಕತ್ತುಗಳು ಇವರಿಗೆ ಆಗಿಬರುವುದಿಲ್ಲ. ಬುತ್ತಿಯಲ್ಲಿ ರಾಗಿ ರೊಟ್ಟಿ, ಚಿತ್ರಾನ್ನ, ಮೊಸರನ್ನ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಕಡಲೆಕಾಯಿ ಅಥವಾ ಹುರಿಗಡಲೆ ಒಯ್ಯುವುದು ಉತ್ತಮ. ಬೆಂಗಳೂರಿನ ಹೋಟೆಲುಗಳಲ್ಲಿ ಗ್ಲುಟೆನ್‌ರಹಿತ ಎಂದು ಬರೆದಿದ್ದರೂ, ಅದನ್ನು ಬೇರೆ ಪಾತ್ರೆ, ಬೇರೆ ಎಣ್ಣೆಯಲ್ಲಿ ಮಾಡುತ್ತಾರೆಯೇ ಎಂದು ಕೇಳುವುದನ್ನು ಬಿಡಬಾರದು.

12. ಮನೆ, ಶಾಲೆ ಮತ್ತು ಹಬ್ಬಹರಿದಿನ

ಮನೆಯಲ್ಲಿ ಇತರರಿಗೆ ಚಪಾತಿ ಮಾಡುವುದಿದ್ದರೆ ಮಣೆ, ಲಟ್ಟಣಿಗೆ, ಕಾವಲಿ, ಜರಡಿಗಳನ್ನು ಪ್ರತ್ಯೇಕವಾಗಿ ಇರಿಸಬೇಕು. ರೋಗಿಯ ಅಡುಗೆಯನ್ನು ಮೊದಲು ಮಾಡಿ ಮುಚ್ಚಿಡಬೇಕು.

ಶಾಲೆಯ ಬಿಸಿಯೂಟದಲ್ಲಿ ಅನ್ನ ಸಾಂಬಾರು ಪ್ರಧಾನವಾಗಿದ್ದರೂ ಇಂಗು, ಉಪ್ಪಿಟ್ಟು ಮೊದಲಾದವುಗಳ ಬಗ್ಗೆ ಮುಖ್ಯೋಪಾಧ್ಯಾಯರಿಗೂ ಅಡುಗೆಯವರಿಗೂ ವೈದ್ಯರ ಚೀಟಿಯೊಂದಿಗೆ ಲಿಖಿತವಾಗಿ ತಿಳಿಸಬೇಕು. ಅಂಗನವಾಡಿಯಲ್ಲಿ ನೀಡುವ ಪುಡಿ ಆಹಾರದ ಪೊಟ್ಟಣದಲ್ಲಿ ಗೋಧಿ ಇದೆಯೇ ಎಂದು ಓದಿ ನೋಡಬೇಕು.

ಹೋಳಿಗೆ, ಶಾವಿಗೆ ಪಾಯಸ, ಸಜ್ಜಿಗೆ ಪ್ರಸಾದ ಇವು ಗೋಧಿಯವು. ಅಕ್ಕಿ ಪಾಯಸ, ಪೊಂಗಲ್, ಎಳ್ಳು ಬೆಲ್ಲ, ಕಡಲೆಹಿಟ್ಟಿನ ಮೈಸೂರು ಪಾಕ್ ಸಾಮಾನ್ಯವಾಗಿ ಬಳಸಬಹುದಾದವು. ರಂಜಾನ್ ಮಾಸದ ಹಲೀಮ್‌ನಲ್ಲಿ ಗೋಧಿಯಿದೆ. ಅಕ್ಕಿಯ ಗಂಜಿ, ಖರ್ಜೂರ ಸೇವಿಸಬಹುದು. ಕ್ಯಾಥೊಲಿಕ್ ಕ್ರೈಸ್ತರ ಪರಮಪ್ರಸಾದದ ರೊಟ್ಟಿ ಗೋಧಿಯದೇ ಆಗಿರಬೇಕೆಂಬ ವಿಧಿಯಿದ್ದರೂ ಅತ್ಯಲ್ಪ ಗ್ಲುಟೆನ್ ಇರುವ ರೊಟ್ಟಿಗೆ ಅವಕಾಶವಿದೆ. ದ್ರಾಕ್ಷಾರಸವನ್ನು ಮಾತ್ರ ಸ್ವೀಕರಿಸಲೂ ಅವಕಾಶವಿದೆ. ಈ ಬಗ್ಗೆ ಧರ್ಮಗುರುಗಳಲ್ಲಿ ಮುಂಚಿತವಾಗಿ ವಿಚಾರಿಸಬಹುದು.

ಪ್ರಸಾದ ಬೇಡವೆನ್ನುವುದು ಅಗೌರವವಲ್ಲವೆಂಬುದನ್ನು ಬಡಿಸುವವರು ಅರಿತು, ಮಕ್ಕಳನ್ನು ಬಲವಂತಪಡಿಸಬಾರದಾಗಿ ಕೋರಲಾಗಿದೆ.

13. ದೂರು ಸಲ್ಲಿಸುವ ಬಗೆ

ಗ್ಲುಟೆನ್‌ರಹಿತ ಎಂದು ನಮೂದಿಸಿ ಗೋಧಿ ಬೆರೆಸಿದ ಅಥವಾ ಗೋಧಿ ಇರುವುದನ್ನು ನಮೂದಿಸದ ಪೊಟ್ಟಣಗಳು ಕಂಡುಬಂದಲ್ಲಿ, ಪೊಟ್ಟಣ, ರಸೀದಿ ಮತ್ತು ಪೊಟ್ಟಣದ ಮೇಲಿನ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನು ಕಾಯ್ದಿರಿಸಿಕೊಂಡು ಜಿಲ್ಲಾ ಆಹಾರ ಸುರಕ್ಷತಾ ಅಂಕಿತಾಧಿಕಾರಿಗಳಿಗೆ ದೂರು ನೀಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಹಾಗೂ ಆಹಾರ ಸುರಕ್ಷತಾ ಪ್ರಾಧಿಕಾರದ ಉಚಿತ ದೂರವಾಣಿ 1800 11 2100 ಸಂಖ್ಯೆಗಳನ್ನೂ ಸಂಪರ್ಕಿಸಬಹುದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಪ್ರಕಾರ ತಪ್ಪು ಲೇಬಲ್ ಇರುವ ಆಹಾರಕ್ಕೆ ಮೂರು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ.

14. ಸಾರಾಂಶ

(1) ಹಸಿರು ಚುಕ್ಕೆ ಅಥವಾ ವೀಗನ್ ಚಿಹ್ನೆ ಗೋಧಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.
(2) ಪೊಟ್ಟಣದಲ್ಲಿ ಅಲರ್ಜಿಕಾರಕಗಳ ಸಾಲನ್ನು ಓದಿ. ಹೋಟೆಲಿನಲ್ಲಿ ಧಾನ್ಯದ ಹೆಸರು ಹಿಡಿದು ಕೇಳಿ.
(3) ರಾಗಿ, ಅಕ್ಕಿ, ಸಿರಿಧಾನ್ಯ, ಕಾಳುಗಳು ಆಧಾರವಾಗಿರಲಿ; ಗಿರಣಿ, ಇಂಗು, ಎಣ್ಣೆ, ಕಾವಲಿಗಳ ಬಗ್ಗೆ ಎಚ್ಚರವಿರಲಿ.
(4) ಪರೀಕ್ಷೆಗೆ ಮುಂಚೆ ಗೋಧಿಯನ್ನು ಬಿಡಬೇಡಿ. ಕಾಯಿಲೆ ದೃಢಪಟ್ಟ ನಂತರ ಮತ್ತೆ ಮುಟ್ಟಬೇಡಿ.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಇದು ವೈದ್ಯಕೀಯ ಸಲಹೆಗೆ ಪರ್ಯಾಯವಲ್ಲ. ಸೀಲಿಯಾಕ್ ಕಾಯಿಲೆ ಇರುವವರ ತಂದೆ ತಾಯಿ, ಒಡಹುಟ್ಟಿದವರು ಮತ್ತು ಮಕ್ಕಳಲ್ಲಿ ಈ ಕಾಯಿಲೆಯ ಸಂಭವ ಹೆಚ್ಚಿರುವುದರಿಂದ, ಅವರೂ ಸಹ ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯರಲ್ಲಿ ಸಮಾಲೋಚಿಸಬೇಕಾಗಿ ಕೋರಲಾಗಿದೆ.